ಕಥಾನಾಯಕನ ಖರ್ಚಿಗೆ ದುಡ್ಡು ಎಲ್ಲಿಂದ? ಐದು ಸಿನಿಮಾ, ಒಂದೇ ತಕರಾರು

ಪರದೆಯ ಮೇಲೆ ಬಂದ ಮನುಷ್ಯ ಕಾಲು ಗಂಟೆಯೊಳಗೆ ತನ್ನ ಹೊಟ್ಟೆಪಾಡು ಏನೆಂದು ತೋರಿಸಿಕೊಡದಿದ್ದರೆ ನನಗೆ ಆ ಸಿನಿಮಾದ ಮೇಲೆ ಅನುಮಾನ ಶುರುವಾಗುತ್ತದೆ. ಬೈಕು ಓಡಿಸುತ್ತಾನೆ, ಪೆಟ್ರೋಲ್ ಯಾರದು? ಗೆಳೆಯರಿಗೆಲ್ಲ ಬಾರಿನಲ್ಲಿ ಕುಡಿಸುತ್ತಾನೆ, ಬಿಲ್ಲು ಯಾರ ಹೆಸರಿನಲ್ಲಿ? ನಾಯಕಿಯ ಅಪ್ಪ ಎದ್ದು ನಿಂತು ‘ನಿನಗೆ ಏನು ಯೋಗ್ಯತೆ ಇದೆ’ ಎಂದಾಗ ಥಿಯೇಟರ್‌ನಲ್ಲಿ ಎಲ್ಲರೂ ಆ ಅಪ್ಪನನ್ನು ಬೈದುಕೊಳ್ಳುತ್ತಾರೆ. ನಾನು ಮನಸ್ಸಿನಲ್ಲೇ ಅವನ ಪಕ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಯಾರು ಎಷ್ಟು ಪೀಸ್ ಹೊಲಿದರು, ಯಾರು ಮುಂಗಡ ಎತ್ತಿದರು, ವಾಷಿಂಗ್‌ಗೆ ಕಳಿಸಿದ್ದರಲ್ಲಿ ಎಷ್ಟು ವಾಪಸ್ ಬಂತು ಎಂದು ದಿನವಿಡೀ ಬರೆಯುವವಳಿಗೆ ಸಿನಿಮಾ ನೋಡುವಾಗ ಮಾತ್ರ ಜಮಾಖರ್ಚು ಮರೆತುಬಿಡು ಎಂದರೆ ಹೇಗೆ?

ಈಚೆಗೆ ನೋಡಿದ ಐದು ಕನ್ನಡ ಸಿನಿಮಾಗಳನ್ನು ಇದೇ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದೇನೆ. ಛಾಯಾಗ್ರಹಣ, ಸಂಕಲನ ಎಂದೆಲ್ಲ ಬಲ್ಲವರು ಬರೆಯಲಿ. ನಾನು ವಾರಕ್ಕೊಂದು ನೋಡುವವಳೂ ಅಲ್ಲ. ಮನೆಯಲ್ಲಿ ಮೂವರಿಗೂ ಬಿಡುವು ಕೂಡಿ ಬಂದರೆ ಹೋಗುತ್ತೇವೆ, ಇಲ್ಲದಿದ್ದರೆ ಇಲ್ಲ. ಮೂವರೆಂದರೆ ನಾನು, ಲಾರಿ ಟೈರಿನ ಅಂಗಡಿ ಇಟ್ಟಿರುವ ನನ್ನ ಗಂಡ, ಮತ್ತು ಅತ್ತೆ. ಅತ್ತೆಗೆ ತೆಲುಗು ಸಿನಿಮಾ ಎಂದರೆ ಪ್ರಾಣ. ಬಳ್ಳಾರಿಯ ಅರ್ಧ ಊರಿಗೆ ಹಾಗೆಯೇ, ಅದರಲ್ಲಿ ಆಶ್ಚರ್ಯವಿಲ್ಲ. ‘ಪುಷ್ಪ 2’ ಮೂರು ಗಂಟೆ ಇಪ್ಪತ್ತು ನಿಮಿಷ ಓಡಿದರೂ ಒಮ್ಮೆಯೂ ಎದ್ದು ಹೊರಗೆ ಹೋಗದೆ ಕುಳಿತವರು ಅವರು. ಕನ್ನಡ ಸಿನಿಮಾಗೆ ಕರೆದರೆ ಮಾತ್ರ ಮೊಣಕಾಲು ನೋಯುತ್ತದೆ.

ಮೊದಲು ‘ಭೈರತಿ ರಣಗಲ್’. 2024ರ ನವೆಂಬರ್‌ನಲ್ಲಿ ಬಂದದ್ದು. ನರ್ತನ್ ನಿರ್ದೇಶನ, ಶಿವರಾಜ್‌ಕುಮಾರ್ ನಾಯಕ, 2017ರ ‘ಮಫ್ತಿ’ಯ ಹಿಂದಿನ ಕಥೆ. ಗಂಡನ ಆಯ್ಕೆ ಇದು. ಗಣಿಯ ಕಥೆ ಇದೆ ಎಂದು ಕೇಳಿದ ಮೇಲೆ ಬಳ್ಳಾರಿಯವರು ಹೋಗದೆ ಇರುತ್ತಾರೆಯೇ? ರೋಣಾಪುರ ಎಂಬ ಕಲ್ಪಿತ ಊರು, ನೀರಿಲ್ಲದ ಜನ, ಬಾಲ್ಯದಲ್ಲೇ ಜೈಲು ಕಂಡು ಅಲ್ಲಿಂದ ವಕೀಲನಾಗಿ ಹೊರಬಂದ ಹುಡುಗ, ಊರನ್ನು ನುಂಗಲು ಬಂದ ಗಣಿಯ ಉದ್ಯಮಿ. ಮೊದಲರ್ಧ ನನಗೆ ಹಿಡಿಸಿತು, ಮುಚ್ಚುಮರೆ ಏಕೆ. ನಾಯಕನಿಗೆ ಒಂದು ಕೆಲಸವಿದೆ. ಕರಿ ಕೋಟು ಹಾಕಿಕೊಂಡು ಕಾರ್ಮಿಕರ ಪರವಾಗಿ ಮಾತನಾಡುತ್ತಾನೆ. ಕಾಗದ ಪತ್ರ ನೋಡುತ್ತಾನೆ. ಕಾಗದ ಪತ್ರ ನೋಡುವ ನಾಯಕನನ್ನು ಕಂಡರೆ ನನಗೆ ಆಗುವ ಸಂತೋಷ ಸಾಮಾನ್ಯದ್ದಲ್ಲ. ಶಿವರಾಜ್‌ಕುಮಾರ್ ಇಲ್ಲಿ ದನಿ ಏರಿಸುವುದೇ ಕಡಿಮೆ. ಕಣ್ಣಿನಲ್ಲೇ ಎದುರಿನವನನ್ನು ಕುಳ್ಳಿರಿಸುತ್ತಾರೆ.

ಎರಡನೆಯ ಅರ್ಧದಲ್ಲಿ ಕೋಟು ಕಳಚಿತು. ಆಮೇಲೆ ನಡೆಯುವುದನ್ನು ನೀವು ಊಹಿಸಬಲ್ಲಿರಿ, ರವಿ ಬಸ್ರೂರ್ ಸಂಗೀತ ಕಿವಿಗೆ ಬೀಳುವುದನ್ನೂ. ಸೀಟಿಯೋ ಸೀಟಿ. ಗಂಡ ಹೊರಗೆ ಬಂದವರೇ ‘ಕೊನೆಗೂ ಕೂಲಿಯವರಿಗೆ ಒಬ್ಬ ಒಳ್ಳೆಯ ಧಣಿ ಸಿಕ್ಕನಲ್ಲ’ ಎಂದರು. ‘ಧಣಿ ಸಿಕ್ಕ, ಅಷ್ಟೇ’ ಎಂದೆ. ಅಲ್ಲಿಂದ ಮನೆ ತಲುಪುವವರೆಗೂ ಜಗಳ.

ಈ ಜಗಳಕ್ಕೆ ಕಾರಣವಿದೆ. ಗಣಿಯ ಕಥೆಯನ್ನು ನಾವು ಬಳ್ಳಾರಿಯವರು ಸಿನಿಮಾದಲ್ಲಿ ನೋಡಿ ಕಲಿಯಬೇಕಾಗಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದದ್ದು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಗೆ ತಡೆ ಹಾಕಿದ್ದು, 2013ರಲ್ಲಿ ಷರತ್ತುಗಳ ಮೇಲೆ ಕೆಲವು ಗಣಿಗಳು ಮತ್ತೆ ತೆರೆದದ್ದು, ಇದೆಲ್ಲ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲೇ ಇದೆ. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಲಾರಿ ನಿಲ್ಲಿಸಿದರು. ಟೈರಿನ ಅಂಗಡಿಗೆ ಬರಬೇಕಾದ ಬಾಕಿ ಹಾಗೆಯೇ ಉಳಿಯಿತು. ಅದಿರು ಎತ್ತಿದವರು ಬೇರೆ, ಅದಿರು ನಿಂತಾಗ ಬಿದ್ದವರು ಬೇರೆ. ಸಿನಿಮಾದಲ್ಲಿ ಒಬ್ಬ ಖಳನನ್ನು ಮುಗಿಸಿದರೆ ಎಲ್ಲರ ಕೂಲಿಯೂ ಸರಿಹೋಗುತ್ತದೆ. ನಿಜದಲ್ಲಿ ಮಧ್ಯದವನ ಸಾಲ ಯಾವ ಕ್ಲೈಮ್ಯಾಕ್ಸಿನಲ್ಲೂ ತೀರುವುದಿಲ್ಲ. ಗಂಡನಿಗೂ ಇದು ಗೊತ್ತು. ಗೊತ್ತಿದ್ದರಿಂದಲೇ ಎರಡೂವರೆ ಗಂಟೆ ಮರೆಯಲು ಹೋದೆ ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಆದರೆ ಅಂಕ ಹೆಚ್ಚಿಸಲಿಲ್ಲ.

ಇದರ ಪಕ್ಕಕ್ಕೆ ‘ಶಿವಮ್ಮ ಯರೇಹಂಚಿನಾಳ’ವನ್ನು ಇಡಬೇಕು, ಏಕೆಂದರೆ ಅದೂ ದುಡ್ಡಿನ ಕಥೆಯೇ. ಅಲ್ಲಿ ಕೋಟಿ, ಇಲ್ಲಿ ನೂರು ಸಾವಿರ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಊರಿನಲ್ಲೇ, ಬಹುಪಾಲು ಊರಿನವರನ್ನೇ ಪಾತ್ರಗಳಿಗೆ ಹಾಕಿಕೊಂಡು ಜೈಶಂಕರ್ ಆರ್ಯರ್ ಮಾಡಿದ ಸಿನಿಮಾ. ರಿಷಬ್ ಶೆಟ್ಟಿ ನಿರ್ಮಾಪಕರು. 2022ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, ಥಿಯೇಟರ್‌ಗೆ ಬಂದದ್ದು 2024ರ ಜೂನ್‌ನಲ್ಲಿ. ನನ್ನ ತವರು ಕುಕನೂರು ಕಡೆ. ಹಾಗಾಗಿ ಪಕ್ಷಪಾತ ಇರಬಹುದು ಎಂದು ಯಾರಾದರೂ ಹೇಳಿದರೆ, ಇರಲಿ ಬಿಡಿ.

ಶಿವಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ತಲೆಯ ಮೇಲಿದೆ, ಮಗ ಓದುತ್ತಿದ್ದಾನೆ. ಆಕೆ ಚೈನ್ ಸಿಸ್ಟಂ ವ್ಯಾಪಾರಕ್ಕೆ ಬೀಳುತ್ತಾಳೆ. ಶಕ್ತಿ ಕೊಡುತ್ತದೆ ಎನ್ನುವ ಒಂದು ಪೇಯ; ಕುಡಿದರೆ ಗಂಡ ಎದ್ದು ಕೂಡುತ್ತಾನೆ, ಮಾರಿದರೆ ಮನೆ ಎದ್ದು ನಿಲ್ಲುತ್ತದೆ ಎಂಬ ನಂಬಿಕೆ. ಕೈಯಲ್ಲಿದ್ದ ದುಡ್ಡೆಲ್ಲ ಅದಕ್ಕೆ ಸುರಿಯುತ್ತಾಳೆ, ಊರಿನವರನ್ನೂ ಎಳೆಯುತ್ತಾಳೆ. ಕಥೆ ಇಷ್ಟೇ. ಹಾಡಿಲ್ಲ, ಹೊಡೆದಾಟವಿಲ್ಲ, ಖಳನೂ ಇಲ್ಲ. ಅಥವಾ ಖಳ ಎಲ್ಲೋ ದೂರದ ಊರಿನ ಹೋಟೆಲಿನ ಸಭಾಂಗಣದಲ್ಲಿ ಟೈ ಕಟ್ಟಿಕೊಂಡು ಭಾಷಣ ಮಾಡುತ್ತಿರಬೇಕು.

ನಾನು ಇದನ್ನು ನೋಡಿದ್ದು ಒಂದು ಸಭಾಂಗಣದಲ್ಲಿ, ಬಿಳಿ ಪರದೆ ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ತೋರಿಸಿದಾಗ. ನನ್ನ ಹಿಂದಿನ ಸಾಲಿನಲ್ಲಿ ನಡುವಯಸ್ಸಿನ ಹೆಂಗಸರ ಗುಂಪೊಂದು ಕುಳಿತಿತ್ತು. ಶಿವಮ್ಮ ನೆರೆಯವರಿಗೆ ಆ ಪೇಯವನ್ನು ಲೋಟಕ್ಕೆ ಹಾಕಿ ಕೊಡುತ್ತಾ ಅದರ ಗುಣಗಾನ ಮಾಡುವಾಗ ಅವರಲ್ಲಿ ಒಬ್ಬಾಕೆ, ಶಿವಮ್ಮನ ಬಾಯಿಂದ ಬರುವ ಮೊದಲೇ, ಮುಂದಿನ ಮಾತುಗಳನ್ನು ಒಂದೊಂದಾಗಿ ಹೇಳತೊಡಗಿದಳು. ಸಕ್ಕರೆ ಕಾಯಿಲೆ ಹೋಗುತ್ತದೆ, ಮಂಡಿ ನೋವು ಹೋಗುತ್ತದೆ, ಇಬ್ಬರನ್ನು ಸೇರಿಸಿದರೆ ಹಾಕಿದ ದುಡ್ಡು ಬರುತ್ತದೆ. ಪಕ್ಕದವರು ನಕ್ಕರು. ಆಕೆ ನಗಲಿಲ್ಲ. ಆಕೆಯೂ ಒಂದು ಕಾಲದಲ್ಲಿ ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತು ಅದೇ ಮಾತನ್ನು ಹೇಳಿರಬೇಕು, ಇಲ್ಲವೇ ಕೇಳಿ ದುಡ್ಡು ಕೊಟ್ಟಿರಬೇಕು.

ಶರಣಮ್ಮ ಚೆಟ್ಟಿ ಎಂಬುವರು ಶಿವಮ್ಮನಾಗಿದ್ದಾರೆ. ನಟನೆ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಆಕೆಯ ನಡಿಗೆಯಲ್ಲಿ ಒಂದು ಅವಸರವಿದೆ. ಒಲೆಯ ಮೇಲೆ ಏನನ್ನೋ ಇಟ್ಟು ಬಂದವರ ಅವಸರ. ನಿರ್ದೇಶಕರು ಆಕೆಯನ್ನು ದೇವಿಯನ್ನಾಗಿಯೂ ಮಾಡಲಿಲ್ಲ, ಅಯ್ಯೋ ಪಾಪ ಎನ್ನುವಂತೆಯೂ ಮಾಡಲಿಲ್ಲ. ಆಕೆ ಹಟಮಾರಿ. ಸುಳ್ಳು ಹೇಳುತ್ತಾಳೆ. ಮಗಳ ಕಣ್ಣಿನಲ್ಲಿ ಶತ್ರುವೂ ಆಗುತ್ತಾಳೆ. ಆದರೂ ಆಕೆ ಲೆಕ್ಕ ಹಾಕುವಾಗ ನಾನೂ ಜೊತೆಗೆ ಹಾಕುತ್ತಿದ್ದೆ, ಇನ್ನು ಎಷ್ಟು ಮಾರಿದರೆ ಸಾಲ ತೀರುತ್ತದೆ ಎಂದು. ತೀರುವುದಿಲ್ಲ ಎಂದು ನನಗೆ ಗೊತ್ತು. ಚೈನ್ ಸಿಸ್ಟಂನ ಗಣಿತವೇ ಹಾಗೆ: ಪ್ರತಿಯೊಬ್ಬರೂ ಇಬ್ಬರನ್ನು ತರಬೇಕೆಂದರೆ ಹತ್ತನೆಯ ಮೆಟ್ಟಿಲಿಗೆ ಸಾವಿರದ ಇಪ್ಪತ್ತನಾಲ್ಕು ಜನ ಬೇಕು, ಅಷ್ಟರಲ್ಲಿ ಯರೇಹಂಚಿನಾಳದಂಥ ಊರಿನ ಮನೆಗಳೇ ಮುಗಿದಿರುತ್ತವೆ. ಮೊದಲು ಸೇರಿದವನಿಗೆ ಬರುವ ದುಡ್ಡು ಕೊನೆಗೆ ಸೇರಿದವಳ ಸೆರಗಿನ ಗಂಟಿನಿಂದಲೇ ಬರಬೇಕು. ಸಿನಿಮಾ ಇದನ್ನು ಎಲ್ಲಿಯೂ ವಿವರಿಸಲು ಹೋಗುವುದಿಲ್ಲ. ಶಿವಮ್ಮನ ಬದಲಾಗುವ ಮುಖವನ್ನು ತೋರಿಸುತ್ತದೆ, ಸಾಕು.

ರಣಗಲ್‌ಗೆ ಇಡೀ ಊರು ಹೆದರುತ್ತದೆ, ಶಿವಮ್ಮನನ್ನು ಕಂಡರೆ ಊರು ಬಾಗಿಲು ಹಾಕಿಕೊಳ್ಳುತ್ತದೆ. ಬಡವರ ಬದುಕಿನಲ್ಲಿ ದುಡ್ಡು ಏನೆಲ್ಲ ಮಾಡುತ್ತದೆ ಎಂಬುದನ್ನು ಎರಡನೆಯದು ಹೆಚ್ಚು ಬಲ್ಲದು. ಒಂದು ತಕರಾರು ಹೇಳಲೇಬೇಕು: ನಡುವೆ ಸಿನಿಮಾ ಒಂದೇ ಕಡೆ ಸುತ್ತುತ್ತದೆ. ಆಕೆ ಮತ್ತೆ ಹೋಗುತ್ತಾಳೆ, ಮತ್ತೆ ಕೇಳುತ್ತಾಳೆ, ಮತ್ತೆ ಬೈಸಿಕೊಳ್ಳುತ್ತಾಳೆ. ಜೀವನ ಹಾಗೆಯೇ ಎನ್ನಬಹುದು, ಆದರೆ ಪ್ಲಾಸ್ಟಿಕ್ ಕುರ್ಚಿಗೆ ಆ ವಾದ ಅರ್ಥವಾಗುವುದಿಲ್ಲ.

‘ಫೋಟೋ’ ರಾಯಚೂರು ಕಡೆಯದು. ಆ ಸೀಮೆಯವರೇ ಆದ ಉತ್ಸವ್ ಗೋನವಾರ ನಿರ್ದೇಶಿಸಿದ್ದು, ಪ್ರಕಾಶ್ ರಾಜ್ ಅವರ ನಿರ್ದಿಗಂತ ಅರ್ಪಿಸಿದ್ದು, 2024ರ ಮಾರ್ಚ್‌ನಲ್ಲಿ ತೆರೆಗೆ ಬಂತು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯ ಹುಡುಗ ದುರ್ಗ್ಯಾ, ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಬಳಿಗೆ ಹೋಗುತ್ತಾನೆ. ಅಷ್ಟರಲ್ಲಿ 2020ರ ಲಾಕ್‌ಡೌನ್. ಅಪ್ಪ ಮಗ ನಡೆದು ಊರಿಗೆ ಹೊರಡುತ್ತಾರೆ. ಮಹದೇವ ಹಡಪದ ಅಪ್ಪ, ಸಂಧ್ಯಾ ಅರಕೆರೆ ಅಮ್ಮ, ವೀರೇಶ್ ಗೋನವಾರ ಹುಡುಗ.

ಇದನ್ನು ಬಳ್ಳಾರಿಯಲ್ಲಿ ಕುಳಿತು ತಟಸ್ಥವಾಗಿ ನೋಡುವುದು ಕಷ್ಟ. 2020ರ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ನಡೆದು ಹೊರಟಿದ್ದ ಒಬ್ಬ ಕಟ್ಟಡ ಕಾರ್ಮಿಕ ಮಹಿಳೆ ನಮ್ಮದೇ ಬಳ್ಳಾರಿಯಲ್ಲಿ ಪ್ರಾಣಬಿಟ್ಟರು. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಗುಳೆ ಹೋಗುವುದು ಸುಗ್ಗಿ, ಜಾತ್ರೆಗಳಷ್ಟೇ ಕ್ಯಾಲೆಂಡರಿನ ಭಾಗ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ, ಮುದುಕರ ಮಡಿಲಿಗೆ ಮಕ್ಕಳು, ಮಿಕ್ಕವರು ಬೆಂಗಳೂರಿನ ಬಸ್ಸಿಗೆ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಡುಗಿಯರಲ್ಲಿ ಎಷ್ಟೋ ಜನ ದೀಪಾವಳಿ ಕಳೆದ ಮೇಲೆ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತಿದ್ದರು. ಆದ್ದರಿಂದ ಈ ಸಿನಿಮಾದ ಮನುಷ್ಯರ ಹೊಟ್ಟೆಪಾಡು ಏನು ಎಂದು ನಾನು ಕೇಳಬೇಕಾಗಲಿಲ್ಲ.

ಹಾಗಾದರೆ ‘ಶಿವಮ್ಮ’ ಮೇಲೋ ‘ಫೋಟೋ’ ಮೇಲೋ? ನಾನು ‘ಶಿವಮ್ಮ’ ಎನ್ನುತ್ತೇನೆ. ಎರಡರಲ್ಲೂ ನಮ್ಮ ಕಡೆಯ ಮಾತು ನಮ್ಮ ಕಡೆಯದಾಗಿಯೇ ಕೇಳುತ್ತದೆ. ಬೆಂಗಳೂರಿನ ಹಾಸ್ಯನಟರು ಬಾಯಿಗೆ ಬಂದಂತೆ ಎಳೆದು ಆಡುವ ‘ಉತ್ತರ ಕರ್ನಾಟಕ ಭಾಷೆ’ಯ ಪೀಡೆ ಇಲ್ಲ. ಎರಡೂ ಪ್ರಾಮಾಣಿಕ. ಆದರೆ ‘ಫೋಟೋ’ ಶುರುವಾದ ಸ್ವಲ್ಪ ಹೊತ್ತಿಗೇ ದುಃಖ ಬರಲಿದೆ ಎಂದು ನಾವು ಕೈಚೌಕ ತೆಗೆದು ಸಿದ್ಧರಾಗಿಬಿಡುತ್ತೇವೆ. ಲಾಕ್‌ಡೌನ್ ಎಂಬ ಪದ ಬಂದ ಕೂಡಲೇ ಮುಂದಿನ ದಾರಿ ಕಾಣುತ್ತದೆ, ಆ ದಾರಿಯಲ್ಲಿ ಅಪ್ಪ ಮಗ ನಡೆಯುತ್ತಾರೆ, ನಾವು ಹಿಂದೆ ನಡೆಯುತ್ತೇವೆ. ಶಿವಮ್ಮ ಮುಂದೆ ಏನು ಮಾಡುತ್ತಾಳೆ ಎಂದು ಮಾತ್ರ ಕೊನೆಯವರೆಗೂ ಹೇಳಲಾಗದು. ಪಾಪದವರನ್ನು ಕಂಡು ಮರುಗುವುದು ಸುಲಭ, ತಪ್ಪು ಮಾಡುತ್ತಿರುವ ಪಾಪದವರ ಜೊತೆ ನಿಲ್ಲುವುದು ಕಷ್ಟ, ಆ ಕಷ್ಟವನ್ನು ‘ಶಿವಮ್ಮ’ ಕೊಟ್ಟಿತು. ಹಾಗೆಂದು ‘ಫೋಟೋ’ದ ಹುಡುಗನನ್ನು ಮರೆಯಲಾದೀತೇ? ವಿಧಾನಸೌಧ ಎಂಬುದು ಅವನಿಗೆ ಸರ್ಕಾರವಲ್ಲ, ಚೆಂದದ ಒಂದು ಮನೆ. ಆ ಮನೆಯ ಮುಂದೆ ನಿಲ್ಲುವುದಷ್ಟೇ ಅವನಿಗೆ ಬೇಕಾಗಿದ್ದುದು.

ಗಂಡ ಇದನ್ನು ನೋಡಿ ಎರಡು ದಿನ ಮಾತು ಕಡಿಮೆ ಮಾಡಿದರು. ‘ಇಂಥದ್ದಕ್ಕೆ ಇನ್ನು ಕರೆಯಬೇಡ’ ಎಂದರು. ಅದು ಹೊಗಳಿಕೆಯೋ ದೂರೋ ಎಂದು ನಾನು ಕೇಳಲಿಲ್ಲ.

ಇನ್ನು ಕರಾವಳಿಯ ಎರಡು. 2025ರ ಜುಲೈನಲ್ಲಿ ಬಂದ ‘ಸು ಫ್ರಂ ಸೋ’, ಅಕ್ಟೋಬರ್ 2ರಂದು, ಅಂದರೆ ಆ ವರ್ಷದ ವಿಜಯದಶಮಿಯಂದು ಬಂದ ‘ಕಾಂತಾರ ಅಧ್ಯಾಯ 1’. ಒಂದರಲ್ಲಿ ಪ್ರೇತವನ್ನು ಕಂಡು ನಗಬೇಕು, ಇನ್ನೊಂದರಲ್ಲಿ ದೈವವನ್ನು ಕಂಡು ಕೈ ಮುಗಿಯಬೇಕು. ನನಗೆ ನಗು ಹೆಚ್ಚು ದಕ್ಕಿತು.

‘ಸು ಫ್ರಂ ಸೋ’ಗೆ ಅತ್ತೆಯನ್ನು ಒಪ್ಪಿಸಿ ಕರೆದುಕೊಂಡು ಹೋದದ್ದೇ ಒಂದು ಸಾಹಸ. ಜೆ.ಪಿ. ತುಮಿನಾಡ್ ಬರೆದು ನಿರ್ದೇಶಿಸಿ ಅಶೋಕನ ಪಾತ್ರವನ್ನೂ ಮಾಡಿದ್ದಾರೆ, ರಾಜ್ ಬಿ. ಶೆಟ್ಟಿ ನಿರ್ಮಾಪಕರು, ನಡುವೆ ಗುರೂಜಿಯಾಗಿ ಬಂದು ಹೋಗುತ್ತಾರೆ. ಹುಡುಗಿ ಸ್ನಾನ ಮಾಡುವಲ್ಲಿ ಇಣುಕಲು ಹೋಗಿ ಸಿಕ್ಕಿಬಿದ್ದ ಅಶೋಕ, ಏಟಿನಿಂದ ಪಾರಾಗಲು ಮೈಮೇಲೆ ಏನೋ ಬಂದವನಂತೆ ಆಡುತ್ತಾನೆ. ಸೋಮೇಶ್ವರದ ಸುಲೋಚನಾ ಎಂಬಾಕೆಯ ಪ್ರೇತ ಬಂದಿದೆ ಎಂದು ಊರು ನಂಬಿಬಿಡುತ್ತದೆ. ಅಲ್ಲಿಂದ ಮುಂದೆ ಒಬ್ಬರ ಸುಳ್ಳನ್ನು ಇನ್ನೊಬ್ಬರ ಭಯ ಸಾಕುತ್ತದೆ. ಶನೀಲ್ ಗೌತಮ್ ಮಾಡಿದ ರವಿಯಣ್ಣನ ಪಾತ್ರ ಇದ್ದರೆ ಸಾಕು, ಮಿಕ್ಕವರೆಲ್ಲ ರಜೆಯಲ್ಲಿ ಹೋಗಬಹುದು. ಪ್ರತಿ ಊರಿನಲ್ಲೂ ಅಂಥ ಒಬ್ಬ ಮದುವೆಯಾಗದ ಅಣ್ಣ ಇರುತ್ತಾನೆ. ಸಾವಿಗೂ ಅವನೇ, ಚಪ್ಪರಕ್ಕೂ ಅವನೇ, ಅವನ ಮನೆಯಲ್ಲಿ ಅನ್ನ ಬೇಯಿಸಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ತಕ್ಕಡಿಯಲ್ಲಿ ಇದು ಸೋಲಬೇಕಿತ್ತು. ಆ ಊರಿನಲ್ಲಿ ಹಗಲು ಹೊತ್ತು ಯಾರಾದರೂ ದುಡಿಯುವುದನ್ನು ನಾನು ಕಂಡಿದ್ದು ಕಡಿಮೆ. ಬಾವ ಬರುತ್ತಾರೆ, ಬಂದದ್ದಕ್ಕೆ ಒಂದು ಹಾಡೇ ಇದೆ, ಬಾಟಲಿ ತೆರೆಯುತ್ತದೆ. ದುಡ್ಡು? ಯಾರಿಗೆ ಗೊತ್ತು. ಆದರೂ ಖರ್ಚಿನ ಪ್ರಶ್ನೆ ನನಗೆ ನೆನಪಾದದ್ದು ಮನೆಗೆ ಬಂದ ಮೇಲೆ. ಅಷ್ಟರಮಟ್ಟಿಗೆ ಅದು ಗೆದ್ದಿತು. ನನ್ನ ಅಸಮಾಧಾನ ಬೇರೆ ಕಡೆ ಇದೆ. ಇಣುಕಿದ ಹುಡುಗ ಇಡೀ ಊರಿನ ಕಾಳಜಿಯ ವಸ್ತುವಾದ, ಇಣುಕಿಸಿಕೊಂಡ ಹುಡುಗಿಯನ್ನು ಕಥೆ ಅಲ್ಲೇ ಬಿಟ್ಟು ಮುಂದೆ ಹೋಯಿತು. ಕೊನೆಯ ಭಾಗದಲ್ಲಿ ಸುಲೋಚನಾಳ ಮಗಳು ಭಾನುವಿನ ಸಂಕಟವನ್ನು ತಂದು ಸಿನಿಮಾ ಆ ಬಾಕಿಯನ್ನು ತೀರಿಸಲು ನೋಡುತ್ತದೆ. ಭಾನುವಾಗಿ ಬರುವವರು ‘ಫೋಟೋ’ದ ಅಮ್ಮನೇ, ಸಂಧ್ಯಾ ಅರಕೆರೆ. ಆಕೆ ಬಂದ ಮೇಲೆ ಥಿಯೇಟರಿನ ನಗು ಬೇರೆಯಾಯಿತು. ಒಂದು ಬಾಕಿ ತೀರಿತು, ಇನ್ನೊಂದು ಉಳಿಯಿತು ಎಂದು ಬರೆದುಕೊಂಡೆ. ಅತ್ತೆಗೆ ಕರಾವಳಿಯ ಕನ್ನಡ ಅರ್ಧಕ್ಕರ್ಧ ತಿಳಿಯಲಿಲ್ಲ. ಬಿದ್ದು ಬಿದ್ದು ನಕ್ಕರು. ಮೊಣಕಾಲಿನ ಸುದ್ದಿಯೇ ಇಲ್ಲ.

‘ಕಾಂತಾರ’ದ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಉದ್ದ ಮಾಡುವುದಿಲ್ಲ. ನನಗೆ ಇಷ್ಟವಾದದ್ದು ಯಾರೂ ಹೊಗಳದ ಭಾಗ: ಕಾಡಿನವರು ಮೊದಲ ಬಾರಿಗೆ ಬಂದರು ಪಟ್ಟಣಕ್ಕೆ ಬಂದು, ತಮ್ಮ ನೆಲದಲ್ಲಿ ಬೆಳೆಯುವ ಸಾಂಬಾರ ಪದಾರ್ಥಕ್ಕೆ ಅಲ್ಲಿ ಎಂಥ ಬೆಲೆ ಇದೆ ಎಂದು ಕಂಡುಕೊಂಡು ವ್ಯಾಪಾರಕ್ಕೆ ಇಳಿಯುವುದು. ಯಾರು ಬೆಳೆಯುತ್ತಾರೆ, ಯಾರು ತೂಗುತ್ತಾರೆ, ಯಾರು ಹಡಗಿಗೆ ತುಂಬುತ್ತಾರೆ ಎಂಬ ಪ್ರಶ್ನೆ ಎದ್ದ ಕ್ಷಣಕ್ಕೆ ನಾನು ನೆಟ್ಟಗೆ ಕುಳಿತೆ. ಇನ್ನೊಂದು ಗಂಟೆ ಅದನ್ನೇ ತೋರಿಸಿದ್ದರೂ ನೋಡುತ್ತಿದ್ದೆ. ಆದರೆ ದೊಡ್ಡ ಸಿನಿಮಾಗೆ ದೊಡ್ಡ ಯುದ್ಧ ಬೇಕು. ರಿಷಬ್ ಶೆಟ್ಟಿ ಮೈಮೇಲೆ ಬಂದವರಂತೆ ಅಲ್ಲ, ನಿಜವಾಗಿಯೂ ಬಂದಂತೆಯೇ ಆಡುತ್ತಾರೆ. ರುಕ್ಮಿಣಿ ವಸಂತ್ ಅವರಿಗೆ ‘ರಣಗಲ್’ನಲ್ಲಿ ವೈದ್ಯೆಯಾಗಿ ಸಿಗದ ಜಾಗ ಇಲ್ಲಿ ರಾಜಕುಮಾರಿಯಾಗಿ ಸಿಕ್ಕಿದೆ. ಕೊನೆಯ ಅರ್ಧ ಗಂಟೆ ನನ್ನ ಕಿವಿ ಮಾತ್ರ ಕೆಲಸ ಮಾಡಿತು, ಲೆಕ್ಕ ಬರೆಯುವ ತಲೆಗೆ ರಜೆ.

ಟಿಕೆಟ್ಟಿನ ವಿಷಯವೂ ಇದೆ. ಆ ಸಿನಿಮಾ ಬರುವ ಮುನ್ನ ಸೆಪ್ಟೆಂಬರ್‌ನಲ್ಲಿ ಟಿಕೆಟ್ ದರ 200 ರೂಪಾಯಿ ಮೀರಬಾರದು ಎಂದು ರಾಜ್ಯ ಸರ್ಕಾರ ಆದೇಶ ಮಾಡಿತ್ತು; ಅದೇ ತಿಂಗಳಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮೂವರು ಹೋಗಿ, ಅತ್ತೆಗೆ ಪಾಪ್‌ಕಾರ್ನ್ ಕೊಡಿಸಿ, ಆಟೋದಲ್ಲಿ ಮರಳುವಷ್ಟರಲ್ಲಿ ನಮ್ಮ ಘಟಕದಲ್ಲಿ ಹೊಲಿಯುವ ಹೆಂಗಸಿನ ಒಂದು ದಿನದ ದುಡಿಮೆ ದಾಟುತ್ತದೆ. ಹಾಗಿರುವಾಗ ಪರದೆಯ ಮೇಲಿನವನ ಖರ್ಚನ್ನು ಪ್ರಶ್ನಿಸುವ ಹಕ್ಕು ನನಗಿದೆ ಎಂದೇ ನನ್ನ ವಾದ.

ಯಾರಿಗೆ ಯಾವುದು? ಮನೆಮಂದಿಯೆಲ್ಲ ಹೋಗುವುದಾದರೆ ‘ಸು ಫ್ರಂ ಸೋ’, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಪರದೆ, ದೊಡ್ಡ ಸದ್ದು ಬೇಕೆನ್ನುವವರಿಗೆ ‘ಕಾಂತಾರ’. ಮೊಬೈಲಿನಲ್ಲಿ ನೋಡಿ ಅದನ್ನು ಬೈಯುವುದು ನ್ಯಾಯವಲ್ಲ. ‘ರಣಗಲ್’ ನೋಡುವವರು ಶಿವರಾಜ್‌ಕುಮಾರ್ ಅವರಿಗಾಗಿ ನೋಡಲಿ, ಗಣಿಗಾಗಿ ಬೇಡ. ‘ಫೋಟೋ’ವನ್ನು ಮನಸ್ಸು ಗಟ್ಟಿ ಇರುವ ದಿನ ನೋಡಿ. ‘ಶಿವಮ್ಮ’ನನ್ನು ನಾನು ಮತ್ತೊಮ್ಮೆ ನೋಡುತ್ತೇನೆ, ಒಬ್ಬಳೇ. ಅತ್ತೆಯನ್ನು ಕರೆಯುವಂತಿಲ್ಲ. ಅವರ ತಂಗಿ ಈಗ ಮಂಡಿ ನೋವಿಗೆ ಯಾವುದೋ ಪುಡಿಯ ಡಬ್ಬಿ ಮಾರುತ್ತಿದ್ದಾರೆ, ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಆಗಲೇ ಮೂರು ಬಂದು ಕುಳಿತಿವೆ.